ಟೈಲರಕ್ಕ ಒಲೆಗೆ ಹಾಕದ ಕಾಗದ

ಹೋದ ವಾರ ಟೈಲರಕ್ಕನ ಸೊಸೆ ನಂಜನಗೂಡಿನ ನನ್ನ ಹೊಲಿಗೆ ಅಂಗಡಿಗೆ ಬಂದು ಹಳೇ ಪೇಪರಿನ ಸುರುಳಿಯೊಂದನ್ನು ಕೊಟ್ಟು ಹೋದಳು. ಅಕ್ಕ ತೀರಿಕೊಂಡು ತಿಂಗಳಾಗಿತ್ತು. ಬಿಚ್ಚಿದರೆ ಮಿಷಿನ್ ಎಣ್ಣೆಯ ಕಮಟು ವಾಸನೆ. ರವಿಕೆಯ ಆಕಾರಕ್ಕೆ ಕತ್ತರಿಸಿದ ಆ ಕಾಗದಗಳು ನನ್ನವೇ. ಇಪ್ಪತ್ತು ವರ್ಷದ ಹಿಂದೆಯೇ ಒಲೆಗೆ ಹೋದವು ಅಂದುಕೊಂಡಿದ್ದೆ...

ಅಕ್ಕನ ಅಂಗಡಿ ಇದ್ದದ್ದು ಟಿ. ನರಸೀಪುರದ ಬಸ್ ಸ್ಟ್ಯಾಂಡಿನ ಹಿಂದೆ. ಅವಳ ಕೊರಳಲ್ಲಿ ಟೇಪು ಶೋಕಿಗೆ ನೇತಾಡುತ್ತಿತ್ತು. ಗಿರಾಕಿಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡುವುದು, ಅರೆಗಳಿಗೆ ಕಣ್ಣು ಮುಚ್ಚುವುದು, ನೇರ ಬಟ್ಟೆಗೆ ಕತ್ತರಿ ಹಾಕುವುದು. ಹೊಲಿದು ಮುಗಿದ ರವಿಕೆ ಅವಳಿಗೆ ಮೊದಲೇ ಕಾಣುತ್ತಿತ್ತಂತೆ. ಒಂದೂ ತಪ್ಪುತ್ತಿರಲಿಲ್ಲ, ಸುಳ್ಳು ಹೇಳಬಾರದು. ಕಟಿಂಗ್ ಕಲಿತು ನನ್ನದೇ ಅಂಗಡಿ ಇಡಬೇಕೆಂದು ನಾನು ಅವಳ ಹತ್ತಿರ ಸೇರಿದ್ದೆ.

"ಕಣ್ಮುಚ್ಕೊ. ಆಯಮ್ಮ ನಿಂತಿರೋದು ಕಾಣ್ತದಾ?" ಎಂದು ಗಿರಾಕಿ ಹೋದ ಮೇಲೆ ಕೇಳುತ್ತಿದ್ದಳು.

"ಇಲ್ಲ ಅಕ್ಕ. ಬರೀ ಕತ್ತಲೆ."

"ಸುಳ್ಳಾಡ್ಬ್ಯಾಡ ಕಣಮ್ಮಿ. ಎಲ್ರಿಗೂ ಕಾಣ್ತದೆ. ನಿಂಗೆ ಮನಸ್ಸಿಲ್ಲ."

ಮನಸ್ಸಿತ್ತು. ಚಿತ್ರ ಬರುತ್ತಿರಲಿಲ್ಲ. ಹೆತ್ತವ್ವನ ಮುಖವೂ ಕಣ್ಣು ಮುಚ್ಚಿದರೆ ನನಗೆ ಬಾರದು. ಎಡಗೆನ್ನೆಯಲ್ಲಿ ಮಚ್ಚೆ, ಕಾಸಿನಗಲದ ಕುಂಕುಮ ಎಂದು ಮಾತಿನಲ್ಲಿ ಗೊತ್ತು, ಅಷ್ಟೆ. ಬೇರೆಯವರಿಗೆ ನಿಜಕ್ಕೂ ಕಾಣುತ್ತದೆ ಎಂಬುದೇ ನನಗಾಗ ಹೊಸ ಸುದ್ದಿ. ಮೂರು ವರ್ಷ ಹುಕ್ಕು, ಕಾಜ ಬಿಟ್ಟು ಇನ್ನೊಂದು ಕೆಲಸ ಕೊಡಲಿಲ್ಲ ಮಹಾತಾಯಿ.

ನಾನು ಕದ್ದು ಅಳತೆ ತೆಗೆದು, ಲೆಕ್ಕ ಹಾಕಿ, ಪೇಪರಿನ ಮೇಲೆ ಗೆರೆ ಎಳೆದು ಕತ್ತರಿಸಿಟ್ಟುಕೊಳ್ಳುತ್ತಿದ್ದೆ. ಒಂದು ದಿನ ಅಕ್ಕ ಮುಡುಕುತೊರೆಯ ನೆಂಟರ ಮನೆಗೆ ಹೋಗಿದ್ದಾಗ ಮದುವೆ ಹೆಣ್ಣೊಬ್ಬಳು ಅವಸರ ಮಾಡಿದಳು. ಅವಳ ಅಳತೆಗೆ ಕತ್ತರಿಸಿದ ಕಾಗದವನ್ನು ಬಟ್ಟೆಗೆ ಗುಂಡುಸೂಜಿಯಿಂದ ಚುಚ್ಚಿ, ಸುತ್ತ ಕತ್ತರಿಸಿ, ಹೊಲಿದೆ. ಸಂಜೆ ಅಕ್ಕ ಬಂದಾಗ ಹುಡುಗಿ ರವಿಕೆ ತೊಟ್ಟು ಕನ್ನಡಿ ಮುಂದಿನಿಂದ ಕದಲುತ್ತಿರಲಿಲ್ಲ. ಅಕ್ಕ ರವಿಕೆ ನೋಡಲಿಲ್ಲ, ಕಾಗದ ನೋಡಿದಳು.

"ಕಾಗ್ದ ನೋಡ್ಕಂಡು ಒಲಿಯೋಳು ಟೈಲರ್ ಅಲ್ಲ. ತಲೇಲಿ ಏನೂ ಇಲ್ದೋಳಿಗೆ ಕತ್ರಿ ಯಾಕೆ? ನಾಳಿಂದ ಬರ್ಬ್ಯಾಡ."

ಎಲ್ಲ ಕಾಗದ ಕಸಿದುಕೊಂಡು ಒಲೆಗೆ ಹಾಕುತ್ತೇನೆ ಅಂದಳು. ನಂಬಿದೆ. ತಲೆಯಲ್ಲಿ ಏನೂ ಇಲ್ಲ ಅಂದದ್ದನ್ನೂ ನಂಬಿದೆ. ಆರು ವರ್ಷ ಕತ್ತರಿ ಮುಟ್ಟದೆ ಕಂಡವರ ಮನೆಯ ಪಾತ್ರೆ ತಿಕ್ಕಿದೆ. ಆಮೇಲೆ ಮತ್ತೆ ಕಾಗದ ಹಿಡಿದೇ ಈ ಅಂಗಡಿ ಇಟ್ಟದ್ದು... ಆ ಹೊಟ್ಟೆಯುರಿ ಇನ್ನೂ ಆರಿಲ್ಲ.

ಈಗ ನೋಡಿದರೆ ಕಾಗದದ ಮಡಿಕೆಗಳಿಗೆಲ್ಲ ಅಂಟುಪಟ್ಟಿ. ಅಂಚಿನ ತುಂಬ ಗುಂಡುಸೂಜಿಯ ತೂತು, ಜರಡಿಯ ಹಾಗೆ. ನಾನು ಚುಚ್ಚಿದ್ದು ಒಂದೇ ಸಲ. ಪಕ್ಕದಲ್ಲಿ ಅಕ್ಕನ ವಾರೆ ಅಕ್ಷರದಲ್ಲಿ ಯಾರ್‍ಯಾರದೋ ಹೆಸರು, ಅಳತೆ. ಸೊಸೆಗೆ ಫೋನ್ ಮಾಡಿ ಕೇಳಿದೆ.

"ಅತ್ತೆ ಇದಿಲ್ದೆ ಕತ್ರಿ ಮುಟ್ತಿರ್ಲಿಲ್ಲ ಕಣಕ್ಕ," ಅಂದಳು. "ಕಣ್ಮುಚ್ಚಿದ್ರೆ ಮೊದ್ಲಿನಂಗೆ ಏನೂ ಕಾಣಲ್ಲ ಅಂತಿದ್ರು, ಕಡೇ ಹತ್ತು ವರ್ಷ."

ಹತ್ತು ವರ್ಷ. ನರಸೀಪುರದಿಂದ ನಂಜನಗೂಡಿಗೆ ಒಂದು ಬಸ್ಸೂ ಸಿಗಲಿಲ್ಲವೇ ಅವಳಿಗೆ? ಬಂದಿದ್ದರೆ ಬಾಯಿಗೆ ಬಂದಂತೆ ಬೈದು, ಆಮೇಲೆ ಕಾಫಿ ಕೊಟ್ಟು, ಹೊಸ ಕಾಗದ ಕತ್ತರಿಸಿ ಕೊಡುತ್ತಿದ್ದೆ.

ಬೈಗುಳ ಹಾಗೇ ಉಳಿದಿದೆ. ಮನಸ್ಸಿನಲ್ಲಾದರೂ ಎದುರಿಗೆ ನಿಲ್ಲಿಸಿಕೊಂಡು ಬೈಯೋಣವೆಂದು ಅಂಗಡಿಯ ಬಾಗಿಲೆಳೆದು ಕಣ್ಣು ಮುಚ್ಚಿದೆ. ಹೆಬ್ಬೆರಳಿಗೆ ಕತ್ತರಿ ತಾಗಿದ ಗಾಯ, ಕೊರಳಲ್ಲಿ ಟೇಪು ಎಂದು ನನಗೆ ನಾನೇ ಹೇಳಿಕೊಂಡೆ. ಮುಖ ಬರಲಿಲ್ಲ. ಅವಳದೊಂದು ಫೋಟೋ ಕೂಡ ನನ್ನಲ್ಲಿಲ್ಲ.