ತೌಡಿಗೆ ಕೊಂಡ ಮಗಳು

ಕೇಶವಲಂಕದ ಗುಡಿಯ ಮುಂದೆ ಹೂ ಮಾರುವ ತವಿಟಮ್ಮನಿಗೆ ತನ್ನ ಹೆಸರೆಂದರೆ ಆಗುತ್ತಿರಲಿಲ್ಲ. ಗೋದಾವರಿಯ ಆಚೆ ದಡದಿಂದ ಬಂದ ಭಕ್ತರು ಯಾರಾದರೂ ಕೇಳಿದರೆ ಲಕ್ಷ್ಮಿ ಎಂದುಬಿಡುತ್ತಿದ್ದಳು. ಪಕ್ಕದಲ್ಲೇ ಕೂತು ಬಾಳೆನಾರಿನಲ್ಲಿ ಸೇವಂತಿಗೆ ಕಟ್ಟುತ್ತಿದ್ದ ಮುದುಕಿ ಸೂರಮ್ಮ ಅದನ್ನು ಕೇಳಿಸಿಕೊಂಡು ಸುಮ್ಮನಿರುವ ಹೆಂಗಸಲ್ಲ.

"ಯಾವ ಲಕ್ಷ್ಮಿನೇ? ಒಂದು ಮೊರ ತೌಡು ಕೊಟ್ಟು ನಾನು ಕೊಂಡ್ಕೊಂಡಿದ್ದು ತವಿಟಮ್ಮನ್ನ" ಎಂದು ಬಂದವರ ಎದುರಿಗೇ ಮಾನ ಕಳೆಯುತ್ತಿದ್ದಳು.

ಕೊಂಡದ್ದು ನಿಜವೇ. ತವಿಟಮ್ಮನ ತಾಯಿ ನೂಕರತ್ನಮ್ಮನಿಗೆ ಮೊದಲು ಹುಟ್ಟಿದ ಎರಡೂ ಮಕ್ಕಳು ತೊಟ್ಟಿಲಲ್ಲೇ ತೀರಿಕೊಂಡಿದ್ದವು. ಮೂರನೆಯದು ಹುಟ್ಟಿದಾಗ ನಮ್ಮ ಕಡೆ ಎಲ್ಲರೂ ಮಾಡುವುದನ್ನೇ ಅವಳೂ ಮಾಡಿದಳು. ಕೂಸನ್ನು ಮೊರದಲ್ಲಿ ಮಲಗಿಸಿ, ಪಕ್ಕದ ಮನೆಯ ಸೂರಮ್ಮನಿಗೆ ತೌಡಿಗೆ ಮಾರಿದಳು. ಅಷ್ಟು ಅಗ್ಗದ ಮಗುವಿನ ಮೇಲೆ ಯಮನಿಗೂ ಆಸೆ ಹುಟ್ಟದು ಎಂಬ ಲೆಕ್ಕಾಚಾರ. ತೌಡನ್ನು ನೂಕರತ್ನಮ್ಮನ ಎಮ್ಮೆ ತಿಂದಿತು. ಸೂರಮ್ಮ ಕೂಸನ್ನು ಎದೆಗೊಮ್ಮೆ ಒತ್ತಿಕೊಂಡು, ನನ್ನ ಮಗುವನ್ನು ನೀನು ಸಾಕಿಕೊಡು ಎಂದು ಹೆತ್ತವಳ ಮಡಿಲಿಗೇ ಹಾಕಿದಳು. ಕೂಸು ಬದುಕಿತು, ಜೊತೆಗೆ ತವಿಟಮ್ಮ ಎಂಬ ತೌಡಿನ ಹೆಸರೂ ಬದುಕಿತು. ಶಾಲೆಯಲ್ಲಿ ಹುಡುಗರು ಅವಳನ್ನು ಕಂಡರೆ ಸಾಕು, ಎಮ್ಮೆಯ ಹಾಗೆ ಕೂಗುತ್ತಿದ್ದರು.

ಹೀಗೆ ಮಾರಿದ ಮಗುವನ್ನು ಮದುವೆಗೆ ಮೊದಲು ಅಷ್ಟೇ ತೌಡು ಕೊಟ್ಟು ಬಿಡಿಸಿಕೊಳ್ಳಬೇಕು. ಸುಗ್ಗಿಯ ಹೊತ್ತಿನಲ್ಲಿ ತವಿಟಮ್ಮನಿಗೆ ಅರಿಸಿನ ಹಚ್ಚುವ ದಿನ ನೂಕರತ್ನಮ್ಮ ಮೊರದ ತುಂಬ ತೌಡು ತಂದು ಸೂರಮ್ಮನ ಮುಂದಿಟ್ಟಳು. ಸೂರಮ್ಮ ಒಂದು ಹಿಡಿ ತೆಗೆದು, ಮೂಸಿ, ಮುಖ ಸಿಂಡರಿಸಿದಳು. ತಾನು ಕೊಟ್ಟದ್ದು ಒನಕೆಯಲ್ಲಿ ಕುಟ್ಟಿದ ಘಮಘಮಿಸುವ ತೌಡು, ಇದು ಮುಗ್ಗಲು ಹಿಡಿದದ್ದು, ಇದನ್ನು ದನವೂ ಮುಟ್ಟುವುದಿಲ್ಲ ಎಂದು ಮೊರವನ್ನು ಹಿಂದಕ್ಕೆ ತಳ್ಳಿದಳು. ಚಪ್ಪರದ ತುಂಬ ನಗೆಯೋ ನಗೆ. ಹೊತ್ತು ಮೀರುತ್ತಿದೆ ಎಂದು ಪುರೋಹಿತರು ಗದರಿದ್ದರಿಂದ, ಒಳ್ಳೆಯ ತೌಡು ಆಮೇಲೆ ಕೊಟ್ಟರಾಯಿತು ಎಂದು ಅರಿಸಿನ ಹಚ್ಚಿದರು. ಆ ಆಮೇಲೆ ಎನ್ನುವುದು ಬರಲೇ ಇಲ್ಲ. ತವಿಟಮ್ಮ ಮಾತ್ರ ತಲೆ ತಗ್ಗಿಸಿ ಕೂತಿದ್ದಳು. ತನ್ನ ಬೆಲೆಯೇ ತೌಡು, ಅದರಲ್ಲೂ ಹುಳುಕು ಹುಡುಕಿದರಲ್ಲ ಎಂದು ಅವಳಿಗೆ ಅಳು ಬಂದಿತ್ತು. ಆ ನೋವು ಎಷ್ಟು ವರ್ಷವಾದರೂ ಹೋಗಲಿಲ್ಲ.

ನೋವಿದ್ದರೇನು, ಸೂರಮ್ಮನನ್ನು ಬಿಟ್ಟು ಇರಲು ಅವಳಿಗೆ ಆಗುತ್ತಿರಲಿಲ್ಲ. ಗಂಡ ಅಬ್ಬುಲು ಬೆಳಿಗ್ಗೆ ದೋಣಿ ನಡೆಸಲು ರೇವಿಗೆ ಹೋದರೆ ಇವಳು ದೊಡ್ಡಮ್ಮ ಎಂದು ಕರೆಯುವ ಸೂರಮ್ಮನ ಪಕ್ಕ ಹೂಬುಟ್ಟಿ ಇಟ್ಟುಕೊಂಡು ಕೂರುವಳು. ಇಬ್ಬರೂ ದಿನವಿಡೀ ಜಗಳವಾಡುತ್ತ ಒಂದೇ ತಟ್ಟೆಯಲ್ಲಿ ಗೊಂಗೂರ ಚಟ್ನಿ ಕಲಸಿಕೊಂಡು ಉಣ್ಣುವರು. ನೂಕರತ್ನಮ್ಮ ತೀರಿಹೋದ ಮೇಲಂತೂ ತವಿಟಮ್ಮನನ್ನು ಬೈಯಲು ಉಳಿದದ್ದು ಆ ಮುದುಕಿಯೊಬ್ಬಳೇ. ಮುದುಕಿಗೋ ಗಂಡನಿಲ್ಲ, ಮಕ್ಕಳಿಲ್ಲ.

ಈ ಕಾರ್ತೀಕದಲ್ಲಿ ಸೂರಮ್ಮ ನದಿಗೆ ದೀಪ ಬಿಡಲು ಹೋಗಿ ಮೆಟ್ಟಿಲಲ್ಲಿ ಜಾರಿ ಬಿದ್ದಳು. ಎಲುಬೇನೂ ಮುರಿಯಲಿಲ್ಲ. ಆದರೆ ಸುದ್ದಿ ಹೊಳೆ ದಾಟಿ ಅವಳ ತಮ್ಮನ ಮಗ ಗನ್ನೇಶ್ವರರಾವ್‌ಗೆ ಮುಟ್ಟಿತು. ತಣುಕು ಪೇಟೆಯಲ್ಲಿ ಅವನದು ತೌಡು, ಹಿಂಡಿಯ ಅಂಗಡಿ. ಒಳ್ಳೆಯ ಮನುಷ್ಯ, ಈ ಕಡೆ ಬರುವುದು ಮಾತ್ರ ಅಪರೂಪ. ಮಾರನೆಯ ದಿನವೇ ಬಂದು, ಅತ್ತೆಯನ್ನು ತನ್ನ ಮನೆಗೆ ಕರೆದುಕೊಂಡು ಹೋಗುತ್ತೇನೆ, ಸಂಜೆಯ ದೋಣಿಗೆ ಸಿದ್ಧ ಮಾಡಿ ಎಂದ. ಸೂರಮ್ಮ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು.

ಅವನು ಬಂದಾಗ ಹೆಸರು ಕೇಳಿದ್ದಕ್ಕೆ ತವಿಟಮ್ಮ ಅಭ್ಯಾಸಬಲದಿಂದ ಲಕ್ಷ್ಮಿ, ಪಕ್ಕದ ಮನೆಯವಳು ಎಂದಿದ್ದಳು. ಹಲಸಿನೆಲೆಯಲ್ಲಿ ಬೇಯಿಸಿದ ಇಡ್ಲಿಯನ್ನು ಅವನ ಮುಂದಿಟ್ಟು, ದೊಡ್ಡಮ್ಮನನ್ನು ತಾನೇ ನೋಡಿಕೊಳ್ಳುತ್ತೇನೆ, ಗುಡಿಯ ಗಂಟೆ ಕೇಳದ ಕಡೆ ಅವಳು ಬಾಳುವುದಿಲ್ಲ ಎಂದು ಬೇಡಿಕೊಂಡಳು.

ಅವನು ಮರ್ಯಾದೆಯಿಂದಲೇ ಮಾತಾಡಿದ. "ನೀವು ಇಷ್ಟು ಅಕ್ಕರೆಯಿಂದ ನೋಡ್ಕೊಂಡಿದ್ದು ದೊಡ್ಡದಮ್ಮ. ಆದ್ರೆ ನಾಳೆ ನಮ್ಮ ಕಡೆಯೋರು ಅತ್ತೆನ ಯಾರ ಹತ್ರ ಬಿಟ್ಟು ಬಂದೆ ಅಂತ ಕೇಳಿದ್ರೆ ಏನು ಹೇಳ್ಲಿ? ಪಕ್ಕದ ಮನೆಯೋರ ಹತ್ರ ಅನ್ನೋಕಾಗತ್ತಾ?"

ಅಲ್ಲಿಯವರೆಗೂ ತವಿಟಮ್ಮ ಅವನನ್ನು ಅಣ್ಣಾ ಎಂದೇ ಕರೆಯುತ್ತಿದ್ದಳು.

"ಮಗಳ ಹತ್ರ ಬಿಟ್ಟು ಬಂದೆ ಅಂತ ಹೇಳು, ಭಾವ" ಎಂದಳು.

ಅವನು ಬಾಯಿಗೆ ಇಟ್ಟ ಇಡ್ಲಿಯನ್ನು ನುಂಗುವುದನ್ನೇ ಮರೆತ. ಭಾವ ಎಂದು ಕರೆಯಬೇಕಾದವಳು ಅತ್ತೆಯ ಮಗಳು, ಅತ್ತೆಗೋ ಮಕ್ಕಳೇ ಇಲ್ಲ.

"ನಾನು ಲಕ್ಷ್ಮಿ ಅಲ್ಲ. ತವಿಟಮ್ಮ" ಎಂದು ಅವಳು, ಹುಟ್ಟಿದಾಗಿನಿಂದ ಬಚ್ಚಿಡಲು ನೋಡಿದ ಕತೆಯನ್ನೆಲ್ಲ ತಾನೇ ಬಾಯಿಬಿಟ್ಟು ಹೇಳಿದಳು. ಮೊರ, ಕೂಸು, ಎಮ್ಮೆ, ಮದುವೆಯ ದಿನದ ಮುಗ್ಗಲು ತೌಡು, ಯಾವುದನ್ನೂ ಬಿಡಲಿಲ್ಲ. ತೌಡು ಹಿಂದಕ್ಕೆ ಬಂದಿಲ್ಲ, ಆದ್ದರಿಂದ ತಾನು ಇನ್ನೂ ಸೂರಮ್ಮನವಳೇ ಎಂದಳು.

ತೌಡಿನ ವ್ಯಾಪಾರಿಗೆ ನಗು ತಡೆಯಲಾಗಲಿಲ್ಲ. ಆದರೂ ವ್ಯಾಪಾರಿ ವ್ಯಾಪಾರಿಯೇ. ಸುಗ್ಗಿಯ ಹೊತ್ತಿನ ಮದುವೆಯೆಂದರೆ ಹೊಸ ಭತ್ತದ ತೌಡು, ಅದು ಅಷ್ಟು ಬೇಗ ಹೇಗೆ ಮುಗ್ಗೀತು ಎಂದು ಗೋಡೆಗೆ ಮುಖ ಮಾಡಿ ಮಲಗಿದ್ದ ಅತ್ತೆಯನ್ನು ಕೇಳಿದ. "ನಿಜ ಹೇಳತ್ತೆ, ಆ ತೌಡು ಕೆಟ್ಟಿತ್ತಾ?"

ಸೂರಮ್ಮ ನಿಧಾನವಾಗಿ ಮಗ್ಗುಲು ಬದಲಿಸಿದಳು.

"ಎಲ್ಲಿ ಕೆಟ್ಟಿತ್ತು? ಬಂಗಾರದಂಥ ತೌಡು ಕಣೋ ಅದು."

ಕೈಗೆ ಬಂದದ್ದು ಜಾರಿಹೋಯಿತು ಎಂದುಕೊಂಡಳು ತವಿಟಮ್ಮ. ಮುದುಕಿ ಅವಳ ಮುಖ ನೋಡದೆ ಸೂರಿನ ಕಡೆ ನೋಡುತ್ತ ಮಾತು ಮುಂದುವರಿಸಿದಳು.

"ತಗೊಂಡಿದ್ರೆ ಇವಳು ನನ್ನವಳಲ್ಲ ಅಂತ ಆಗ್ಬಿಡ್ತಿತ್ತು. ಅದಕ್ಕೇ ಮುಗ್ಗಲು ಅಂದೆ."

ತವಿಟಮ್ಮ ಮಂಚದ ಕಾಲ ಹತ್ತಿರ ಕೂತು, ಮೊಮ್ಮಕ್ಕಳನ್ನು ಕಂಡ ಹೆಂಗಸು ಎನ್ನುವುದನ್ನೂ ಮರೆತು ಬಿಕ್ಕಿ ಬಿಕ್ಕಿ ಅತ್ತಳು. ಮುದುಕಿ ಅವಳ ಮುಡಿಯಲ್ಲಿ ಜಾರುತ್ತಿದ್ದ ಕನಕಾಂಬರವನ್ನು ತಡಕಿ ಸರಿಮಾಡಿದಳು.

ಸಂಜೆಯ ದೋಣಿಗೆ ಗನ್ನೇಶ್ವರರಾವ್ ಒಬ್ಬನೇ ಹೊರಟ. ಹೊಸ್ತಿಲಲ್ಲಿ ನಿಂತು ಚಪ್ಪಲಿ ಮೆಟ್ಟುತ್ತ ಚೇಷ್ಟೆಗೆ ಕೇಳಿದ. "ಏನಮ್ಮ ಅತ್ತೆ ಮಗಳೇ, ಅಂಗಡಿಯಿಂದ ಒಂದು ಮೂಟೆ ಒಳ್ಳೆ ತೌಡು ಕಳಿಸ್ಲಾ, ಬಾಕಿ ತೀರಿಸ್ಬಿಡ್ತೀಯಾ?"

ತವಿಟಮ್ಮ ಬಾಯಿ ತೆರೆಯುವ ಮೊದಲೇ ಒಳಗಿನಿಂದ ಉತ್ತರ ಬಂತು.

"ಕಳಿಸಿ ನೋಡು. ಗೋದಾವರಿಗೆ ಸುರೀತೀನಿ."