ಬಲಗೋಲಿನ ಗಾಡಿ

ಸ್ಕೂಟಿ ಹೊಡೆಯುವ ಹೆಂಗಸರು ಕಾಲನ್ನು ನೆಲಕ್ಕೆ ಉಜ್ಜಿ ಬ್ರೇಕ್ ಹಾಕುತ್ತಾರೆ ಎಂದು ನಗುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ನಮ್ಮ ಮನೆಯವರೂ ಅವರಲ್ಲಿ ಒಬ್ಬರು. ಇಬ್ಬರೂ ಶಿಕ್ಷಕರೇ, ಅವರದು ನಾವಿರುವ ಇಂಡಿ ಪಟ್ಟಣದ ಶಾಲೆ, ನನ್ನದು ಹಳ್ಳಿಯ ಶಾಲೆ. ಹನ್ನೆರಡು ವರ್ಷದಿಂದ ದಿನವೂ ಸ್ಕೂಟಿಯಲ್ಲಿ ಹೋಗಿಬರುತ್ತೇನೆ. ಗೇರ್ ಇರುವ ಗಾಡಿಯನ್ನು ಮುಟ್ಟಿದವಳೇ ಅಲ್ಲ. ಆದ್ದರಿಂದ ಬಸವನ ಬಾಗೇವಾಡಿಯ ಸೋದರಮಾವನ ಇಟಲಿ ಗಾಡಿಗೆ ನಾನೂ ಒಬ್ಬ ಉಮೇದುವಾರಳು ಎಂದು ಯಾರೂ ಎಣಿಸಿರಲಿಲ್ಲ.

ಮಾವ ಹರೆಯದಲ್ಲಿ ಪುಣೆಯ ಕಾರ್ಖಾನೆಯೊಂದರಲ್ಲಿ ಫಿಟರ್ ಆಗಿದ್ದ. ಅಲ್ಲಿದ್ದ ಇಟಲಿಯ ಎಂಜಿನಿಯರೊಬ್ಬ ತನ್ನ ದೇಶಕ್ಕೆ ಮರಳುವಾಗ ಮೋಟರ್‌ಸೈಕಲ್ಲನ್ನು ಇವನಿಗೆ ಬಿಟ್ಟುಹೋದ. ಕೆಂಪು ಟ್ಯಾಂಕು, ಒಂದೇ ಸಿಲಿಂಡರ್, ಸಪೂರ ಮೈ. ಹ್ಯಾಂಡಲ್ ಎಷ್ಟು ತಗ್ಗು ಎಂದರೆ ಹೊಡೆಯುವವರು ಟ್ಯಾಂಕಿಗೆ ನಮಸ್ಕಾರ ಮಾಡಿದ ಹಾಗೆ ಬಾಗಬೇಕು. ನಮ್ಮ ಕಡೆಯ ದೊಡ್ಡ ಗಾಡಿಗಳ ಪಕ್ಕ ನಿಂತರೆ ಕರುವಿನಂತೆ ಕಾಣುತ್ತದೆ. ನಾನು ಸಣ್ಣವಳಿದ್ದಾಗ ಮಾವ ನನ್ನನ್ನು ಹಿಂದೆ ಕೂರಿಸಿಕೊಂಡು ನಾಲತವಾಡದ ಸಂತೆಗೆ ಒಯ್ಯುತ್ತಿದ್ದ. ಅವನ ಅಂಗಿ ಹಿಡಿದು ಕಣ್ಣುಮುಚ್ಚಿ ಆ ಸದ್ದು ಕೇಳುವುದೇ ನನಗೆ ಸಂತೆಗಿಂತ ದೊಡ್ಡ ಖುಷಿಯಾಗಿತ್ತು.

ಹೋದ ವರ್ಷ ಮಾವನ ಮೊಣಕಾಲು ಕೈಕೊಟ್ಟಿತು. ಗಾಡಿ ಪಡಸಾಲೆಯಲ್ಲಿ ನಿಂತಿತು. ಮುದ್ದೇಬಿಹಾಳದ ಹೋಟೆಲ್ ಮಾಲೀಕರೊಬ್ಬರು ಬಂದು, ಅದನ್ನು ಬಾಗಿಲ ಬಳಿ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತೇನೆ, ಗಿರಾಕಿಗಳು ಫೋಟೋ ತೆಗೆಸಿಕೊಳ್ಳುತ್ತಾರೆ ಎಂದು ಕೇಳಿದರು. ಮಾವ ನಮ್ಮನ್ನೆಲ್ಲ ಕರೆಸಿದ.

“ನಮ್ಮ ಪೈಕಿ ಯಾರರ ನನ್ನನ್ನ ಹಿಂದ ಕುಂದ್ರಿಸ್ಕೊಂಡು, ಒಮ್ಮಿನೂ ಬಂದ್ ಬೀಳದಂಗ ಮುದ್ದೇಬಿಹಾಳ ಮುಟ್ಟಿಸಿದ್ರ ಗಾಡಿ ಅವರದು. ಇಲ್ಲಂದ್ರ ಗಾಜಿನ ಪೆಟ್ಟಿಗಿಗೆ ಹೋಗ್ಲಿ.”

ಓಡುವ ಗಾಡಿಯನ್ನು ಬೊಂಬೆ ಮಾಡಿ ಇಡುವುದೆಂದರೆ ಏನರ್ಥ!

ಮಾವನನ್ನು ಕೂರಿಸಿಕೊಳ್ಳುವ ಮುಂಚೆ ಒಂದು ಸುತ್ತು ಹೊಡೆದು ನೋಡಲು ಮೊದಲು ಸಿಂದಗಿಯ ನಮ್ಮಣ್ಣ ಹತ್ತಿದ. ಈಗಿನ ಗಾಡಿಗಳಲ್ಲಿ ಗೇರ್ ಎಡಗಾಲಿಗೆ, ಬ್ರೇಕ್ ಬಲಗಾಲಿಗೆ. ಇದರಲ್ಲಿ ಅದಲುಬದಲು. ಹೊರಟ ಮೇಲೆ ಅಣ್ಣ ರೂಢಿಯಂತೆ ಗೇರ್ ಏರಿಸಲು ಎಡಗಾಲು ಒತ್ತಿದ. ಬ್ರೇಕ್ ಬಿದ್ದು ಗಾಡಿ ಎರಡನೆಯ ಲೈಟುಕಂಬದ ಹತ್ತಿರವೇ ಬಂದ್ ಬಿತ್ತು. ಆಮೇಲೆ ನಮ್ಮ ಮನೆಯವರು ಮೀಸೆ ತಿರುವಿಕೊಂಡು ಹೊರಟರು. ತಿರುವಿನಲ್ಲಿ ಬ್ರೇಕ್ ಎಂದು ಬಲಗಾಲು ಒತ್ತಿದರೆ ಗೇರ್ ಏರಿತು. ಗಾಡಿ ಎರಡು ಸಲ ಕೆಮ್ಮಿ ನೆಟ್ಟಗೆ ತಿಪ್ಪೆಗೆ ನುಗ್ಗಿತು.

“ಗಾಡೀನ ಉಲ್ಟಾ ಐತ್ರಿ” ಎಂದರು, ಪ್ಯಾಂಟು ಝಾಡಿಸುತ್ತ.

“ಕುಣೀಲಾರದಾಕಿ ಅಂಗಳ ಡೊಂಕ ಅಂದಿದ್ಳಂತ” ಎಂದು ನಾನು ಅಲ್ಲೇ ತೀರಿಸಿಕೊಂಡೆ.

ಮಾವ ನಕ್ಕ. “ಉಲ್ಟಾ ಅಲ್ರಿ ಮಾಸ್ತರ. ಇದು ಬಲಗೋಲಿನ ಎತ್ತು. ನಿಮ್ಮ ಕಾಲು ಎಡಗೋಲಿಗೆ ಪಳಗ್ಯಾವು.” ನೊಗದ ಎಡಕ್ಕೆ ರೂಢಿಯಾದ ಎತ್ತನ್ನು ಬಲಕ್ಕೆ ಕಟ್ಟಿದರೆ ಅದು ಸಾಲು ಕೆಡಿಸುತ್ತದೆ, ಅದು ನಮ್ಮೂರ ಕೂಸಿಗೂ ಗೊತ್ತು.

ನನಗೆ ಫಕ್ಕನೆ ಹೊಳೆಯಿತು. “ಮಾಮಾ, ನನ್ನ ಕಾಲು ಯಾವ ಗೋಲಿಗೂ ಪಳಗಿಲ್ಲಲ್ಲ?”

ಎಲ್ಲರೂ ನಕ್ಕರು. ಮಾವ ಮಾತ್ರ ನನ್ನ ಕಾಲನ್ನೇ ನೋಡಿದ. “ಹೌದಲ್ಲ! ಇಕಿ ಇನ್ನ ನೊಗಾನ ಕಂಡಿಲ್ಲ. ಬಾ ಇಲ್ಲಿ.”

ಎರಡು ತಿಂಗಳು ಭಾನುವಾರಗಳೆಲ್ಲ ಬಾಗೇವಾಡಿಯಲ್ಲೇ ಕಳೆದವು. ಕಾಲು ಹೇಳಿದಂತೆ ಕೇಳಿತು; ತಪ್ಪಿದ್ದು ಕೈ. ಸ್ಕೂಟಿಯಲ್ಲಿ ಎಡಗೈಗೆ ಬ್ರೇಕ್, ಇದರಲ್ಲಿ ಕ್ಲಚ್. ಮೊದಲ ದಿನ ನಿಲ್ಲಿಸಲು ಎಡಗೈ ಹಿಚುಕಿದೆ. ಗಾಡಿ ನಿಲ್ಲುವ ಬದಲು ಹಾಯಾಗಿ ಉರುಳುತ್ತ ಪಕ್ಕದವರ ಕಡಲೆ ಹೊಲದೊಳಗೆ ಹೋಯಿತು. “ಎರಡೂ ಕೈ ಹಿಡಿಯವ್ವಾ, ಎರಡೂ ಕೈ!” ಎಂದು ಮಾವ ಕಟ್ಟೆಯ ಮೇಲಿಂದ ಕೂಗಿದ. ಆಮೇಲೆ ಅದೇ ನನ್ನ ಮಂತ್ರವಾಯಿತು.

ಒಮ್ಮೆ ಕೈ ಕುದುರಿದ ಮೇಲೆ ಅಬ್ಬಾ, ಏನು ಸುಖ! ತಿರುವಿನಲ್ಲಿ ಹ್ಯಾಂಡಲ್ ತಿರುಗಿಸುವ ಮಾತೇ ಇಲ್ಲ. ಕಣ್ಣು ಎತ್ತ ಹೊರಳಿತೋ ಗಾಡಿ ಅತ್ತ ವಾಲುತ್ತದೆ. ಭಾರವೆನ್ನುವುದೇ ಗೊತ್ತಾಗುವುದಿಲ್ಲ. ಪಾಠ ಮಾಡಿ ಮಾಡಿ ಗಂಟಲು ಬಿದ್ದ ನಾನು ಹೆಲ್ಮೆಟ್ಟಿನೊಳಗೆ ಹಾಡತೊಡಗಿದೆ.

ಪರೀಕ್ಷೆಯ ದಿನ ಮಾವ ಹಿಂದೆ ಕೂತ. ನಾನು ಸೋಲುವುದನ್ನು ನೋಡಲು ಬಂದಿದ್ದಾನೋ ಗೆಲ್ಲುವುದನ್ನೋ ಎಂದು ಮುಖದಿಂದ ತಿಳಿಯಲಿಲ್ಲ. ನಮ್ಮ ಮನೆಯವರು ನನ್ನ ಸ್ಕೂಟಿಯಲ್ಲಿ ಹಿಂಬಾಲಿಸಿದರು. ಹತ್ತು ಮೈಲಿ ದಾಟಿರಬೇಕು, ನನಗೊಂದು ವಿಷಯ ಗಮನಕ್ಕೆ ಬಂತು: ನಾನು ಗೇರ್ ಬದಲಿಸಿದಾಗಲೆಲ್ಲ ಮಾವನ ಮೊಣಕಾಲು ನನ್ನ ತೊಡೆಗೆ ತಾಗುತ್ತಿತ್ತು. ಹಿಂದೆ ಕೂತು ಅವನೂ ಬಲಗಾಲಿನಲ್ಲಿ ಗೇರ್ ಹಾಕುತ್ತಿದ್ದ. ನೋಯುವ ಕಾಲು ಅದೇ.

ಮುದ್ದೇಬಿಹಾಳ ಇನ್ನೇನು ಬಂತು ಎನ್ನುವಾಗ ಕುರಿಹಿಂಡೊಂದು ದಾರಿಗೆ ಅಡ್ಡ ನುಗ್ಗಿತು. ಎರಡೂ ಕೈ ತಾವಾಗಿಯೇ ಹಿಚುಕಿದವು: ಬಲಗೈ ಬ್ರೇಕ್ ಹಿಡಿಯಿತು, ಎಡಗೈ ಕ್ಲಚ್ ಹಿಡಿಯಿತು. ಗಾಡಿ ಗಕ್ಕನೆ ನಿಂತಿತು, ಎಂಜಿನ್ ಮಾತ್ರ ಟಕಟಕ ಎನ್ನುತ್ತಲೇ ಇತ್ತು. “ಶಾಬಾಶ್!” ಎಂದು ಮಾವ ಬೆನ್ನಿಗೆ ಗುದ್ದಿದ. ಗಾಬರಿಯಾದರೆ ಎರಡೂ ಕೈಯ ಬ್ರೇಕ್ ಒಟ್ಟಿಗೆ ಹಿಚುಕುವ ಹನ್ನೆರಡು ವರ್ಷದ ಸ್ಕೂಟಿ ರೂಢಿ ಕೊನೆಗೂ ಕೆಲಸಕ್ಕೆ ಬಂತು.

ಹೋಟೆಲ್ ಮಾಲೀಕರು ಬಾಗಿಲಲ್ಲೇ ಕಾಯುತ್ತಿದ್ದರು. ಒರೆಸಿಟ್ಟ ಗಾಜಿನ ಪೆಟ್ಟಿಗೆ ಹೊಳೆಯುತ್ತಿತ್ತು. ಅಷ್ಟರಲ್ಲಿ ನಮ್ಮ ಮನೆಯವರೂ ಬಂದರು. ಕಾಲಿಗೆ ಬ್ರೇಕ್ ಸಿಗದೆ, ಎರಡೂ ಚಪ್ಪಲಿಯನ್ನು ನೆಲಕ್ಕೆ ಪರಪರ ಉಜ್ಜುತ್ತ ಬಂದು ನಿಂತರು. ನಾನು ಆ ಚಪ್ಪಲಿಯನ್ನಷ್ಟೇ ನೋಡಿದೆ.

ಮಾವ ಕೂತಲ್ಲಿಂದಲೇ ಮಾಲೀಕರಿಗೆ ಹೇಳಿದ, “ಪೆಟ್ಟಿಗಿ ಖಾಲಿ ಉಳೀತು ಅಂತ ಬ್ಯಾಸರ ಆಗಬ್ಯಾಡ್ರಿ. ಆ ಸ್ಕೂಟಿ ಇಟ್ಕೋರಿ. ಇನ್ನ ಅದಕ್ಕ ಕೆಲಸಿಲ್ಲ.”

ನಾನು ಎಂಜಿನ್ ನಿಲ್ಲಿಸಲು ಕೈ ಚಾಚಿದೆ. ಮಾವ ನನ್ನ ಅಂಗಿಯನ್ನು ಹಿಡಿದೆಳೆದ.

“ಬಂದ್ ಮಾಡಬ್ಯಾಡ. ನಾಲತವಾಡದ ತನಕ ಹೊಡಿ.”

ಬಲಗಾಲಿನಿಂದ ಗೇರ್ ಹಾಕಿದೆ. ಹಿಂದೆ ಮಾವನೂ ಹಾಕಿದ.