ಟೀಚರ್ ಮಾಸ್ಕಿಗೆ ನಾನು ಕೊಟ್ಟ ಚೀಲ

ಕಳೆದ ವಾರ ರಾಣೆಬೆನ್ನೂರಿನಿಂದ ನನಗೊಂದು ಅರಿವೆಯ ಚೀಲ ಬಂತು. ಬಾಯಿ ಬಿಚ್ಚಿದೊಡನೆ ಒಣ ಮೆಣಸಿನಕಾಯಿಯ ವಾಸನೆ, ಅದರಡಿಯಲ್ಲಿ ರಬ್ಬರಿನದು. ಒಳಗಿದ್ದದ್ದು ನೀರಿನಡಿ ಹಾಕಿಕೊಳ್ಳುವ ಮಾಸ್ಕ್. ತಂದವರು ಟೀಚರ್ ತಮ್ಮ. “ಅಕ್ಕ ತೀರಿಕೊಳ್ಳೂಕಿಂತ ಮೊದಲ ಹೇಳಿದ್ಲ್ರಿ, ಇದನ್ನ ಬ್ಯಾಡಗಿ ವೈನಿಗೆ ಮುಟ್ಟಸು ಅಂತ,” ಎಂದರು. ಚಹಾ ಕುಡಿದು ಹೋದರು. ನಾನು ಚೀಲ ಹಿಡಿದು ಕುಳಿತೆ...

ಟೀಚರ್ ಬ್ಯಾಡಗಿಯ ನಮ್ಮ ಮನೆಯ ಮಾಳಿಗೆ ಕೋಣೆಯಲ್ಲಿ ಆರು ವರ್ಷ ಬಾಡಿಗೆಗಿದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ನನಗಿಂತ ಚಿಕ್ಕವರು, ಅತ್ತಿಗೆಯನ್ನು ಕರೆಯುವಂತೆ ನನ್ನನ್ನು ವೈನಿ ಎನ್ನುತ್ತಿದ್ದರು. ಅವರಿಗೆ ಈಜು ಕಲಿಸಿದವಳು ನಾನು. ಕಾಗಿನೆಲೆ ದಾರಿಯಲ್ಲಿರುವ ನಮ್ಮ ಹೊಲದ ಬಾವಿಯಲ್ಲಿ, ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ.

ಅಂಡಮಾನಿನ ದೋಣಿ ಪ್ರವಾಸಕ್ಕೆ ನಾವಿಬ್ಬರೂ ಹೋಗುವುದೆಂದೇ ಮಾತಾಗಿತ್ತು. ಐದು ದಿನ ದೋಣಿಯಲ್ಲೇ ಊಟ, ದೋಣಿಯಲ್ಲೇ ನಿದ್ದೆ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ದಿನಕ್ಕೆ ಮೂರು ಸಲ ಹವಳದ ನಡುವೆ ಇಳಿಯುವುದು. ಅದಕ್ಕೆ ವೈದ್ಯರ ಸಹಿ ಬೇಕಿತ್ತು. ಹಾವೇರಿಯ ಕಿವಿ ಡಾಕ್ಟರು ಟೀಚರ್ ಕಾಗದಕ್ಕೆ ಸಹಿ ಹಾಕಿದರು. ನನ್ನ ಎಡಗಿವಿಯೊಳಗೆ ಎರಡು ಸಲ ನೋಡಿ, ತಮಟೆಯಲ್ಲಿ ತೂತಿದೆ, ಆಳಕ್ಕೆ ಇಳಿಯುವಂತಿಲ್ಲ ಎಂದರು. ತಿರುಗಿ ಬರುವಾಗ ಬಸ್ಸಿನಲ್ಲಿ ಟೀಚರ್ ನನ್ನ ಕೈ ಹಿಡಿದುಕೊಂಡರು. ನಾನು ಬಿಡಿಸಿಕೊಂಡೆ.

ದಸರಾ ರಜೆಯಲ್ಲಿ ಅವರೊಬ್ಬರೇ ಮುರ್ಡೇಶ್ವರಕ್ಕೆ ಹೋಗಿ ಡೈವಿಂಗ್ ಕಲಿತು ಬಂದರು. ಆಮೇಲೆ ತಯಾರಿ. ಮಾಸ್ಕಿನ ಹೊಸ ಗಾಜಿಗೆ ಮಬ್ಬು ಕಟ್ಟಬಾರದೆಂದು ಟೂತ್‌ಪೇಸ್ಟ್ ಹಚ್ಚಿ ತಿಕ್ಕುವುದು, ವಾಂತಿ ತಡೆಯುವ ಗುಳಿಗೆ ಎಣಿಸಿಡುವುದು, ಎಲ್ಲವನ್ನೂ ನನ್ನ ಪಡಸಾಲೆಯಲ್ಲೇ ಹರಡಿಕೊಂಡು ಮಾಡುತ್ತಿದ್ದರು. ನನ್ನನ್ನು ಹೊರಗಿಡಬಾರದೆಂದು ಹಾಗೆ ಮಾಡಿದರೇನೋ... ನನಗೆ ಮಾತ್ರ ಒಳಗೆ ಉರಿಯುತ್ತಿತ್ತು.

“ದೋಣ್ಯಾಗ ಐದೂ ದಿನ ಬರಿಗಾಲಂತ್ರಿ ವೈನಿ.”

“ಯಾಕ, ಅದೇನ್ ಗುಡಿ ಐತೇನ್ರಿ?” ಎಂದೆ. “ಬುರುಡಿ ಕಟಗೊಂಡು ಬಾವ್ಯಾಗ ಒದ್ದಾಡತಿದ್ರಿ, ಈಗ ಸಮುದ್ರದ ತಳಾ ನೋಡಾಕ ಹೊಂಟೀರಿ.”

“ಕಲಿಸಿದಾಕಿ ನೀವ ಅಲ್ಲೇನ್ರಿ? ಮುಣಗಿದ್ರ ನಿಮ್ಮ ಹೆಸರ ಹೇಳತೇನಿ ತಗೋರಿ,” ಎಂದು ನಕ್ಕರು. “ಗಟ್ಟಿ ಪೆಟಗಿ ತರಬ್ಯಾಡ್ರಿ ಅಂದಾರ ದೋಣಿಯವ್ರು. ಮಾಸ್ಕಿಗೊಂದು ಅರಿವಿ ಚೀಲ ಕೊಡ್ರಿ.”

ಗೂಟಕ್ಕೆ ಎರಡು ಚೀಲ ತೂಗುತ್ತಿದ್ದವು. ಒಂದು ಒಗೆದದ್ದು. ಇನ್ನೊಂದರಲ್ಲಿ ಹಿಂದಿನ ದಿನವಷ್ಟೇ ಖಾರ ಕುಟ್ಟಿಸಿಕೊಂಡು ಬಂದಿದ್ದೆ. ನಾನು ಎರಡನೆಯದನ್ನು ತೆಗೆದುಕೊಂಡೆ. ಒಮ್ಮೆ ಕೊಡವಿದೆ. ಮಾಸ್ಕನ್ನು ಅದರಲ್ಲಿಟ್ಟು ಬಾಯಿ ಕಟ್ಟಿದೆ. ನಮ್ಮೂರ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರಕ್ಕಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಬ್ಯಾಡಗಿಯಲ್ಲಿ ಯಾರ ಮನೆಯ ಚೀಲದಲ್ಲಿ ಖಾರದ ಧೂಳಿಲ್ಲ? ಗೊತ್ತಾಗದೆ ಆದ ತಪ್ಪು ಎಂದು ಯಾರಾದರೂ ನಂಬುತ್ತಿದ್ದರು.

ಮರುದಿನ ಬೆಳಿಗ್ಗೆ, ಮಾಸ್ಕ್ ಸರಿಯಾಗಿ ಕೂರುತ್ತದೋ ಇಲ್ಲವೋ ನೋಡಲು ಬಾವಿಗೆ ಹೋದೆವು. ಟೀಚರ್ ಕೆಳಗಿನ ಮೆಟ್ಟಿಲಲ್ಲಿ ನಿಂತು ಮಾಸ್ಕನ್ನು ಮುಖದ ಹತ್ತಿರ ತಂದರು. ತಡೆದರು. ತಲೆಯೆತ್ತಿ ನನ್ನ ಕಡೆ ನೋಡಿದರು. ಎಷ್ಟು ಹೊತ್ತು ಎಂದು ಖಚಿತವಾಗಿ ಹೇಳಲಾರೆ. ನಾನು ಕಣ್ಣು ತಪ್ಪಿಸಿ ಅವರ ಟವೆಲ್ ಮಡಚಿದೆ. ಅವರು ಪಟ್ಟಿ ಬಿಗಿದುಕೊಂಡು ಮುಳುಗಿದರು.

ನೀರು ತಿಳಿಯಾಗಿತ್ತು. ಎರಡೂ ಕೈ ಮುಖಕ್ಕೆ ಹೋದದ್ದು ಕಂಡಿತು. ಕಾಲು ಒಮ್ಮೆ ಕಲ್ಲಿಗೆ ಬಡಿಯಿತು. ಗುಳ್ಳೆಗಳು ಬಂದವು, ನಿಂತವು. ನಾನು ಕೂಗಲಿಲ್ಲ, ಇಳಿಯಲೂ ಇಲ್ಲ. ಮತ್ತೆ ಗುಳ್ಳೆ. ಮುರ್ಡೇಶ್ವರದಲ್ಲಿ ಕಲಿತಿದ್ದಂತೆ ಮಾಸ್ಕಿನೊಳಗೆ ನೀರು ಬಿಟ್ಟುಕೊಂಡು ತೊಳೆದು, ಮೂಗಿನಿಂದ ಊದಿ ಹೊರಹಾಕಿದ್ದರು. ಮೇಲೆ ಬಂದಾಗ ಕಣ್ಣು ಕೆಂಪಗೆ ಬಾತಿದ್ದವು.

“ಚೀಲ ಖಾರದ್ದಿತ್ತ್ರಿ ವೈನಿ.”

“ಅಯ್ಯ, ನಾ ನೋಡಲೇ ಇಲ್ರಿ.”

“ಇರ್ಲಿ ಬಿಡ್ರಿ,” ಎಂದರು.

ಅಂಡಮಾನಿಗೆ ಹೋದರು, ಬಂದರು. ಫೋಟೋ ತೋರಿಸಿದರು. ಒಂದು ಆಮೆ, ಅದರ ಪಕ್ಕದಲ್ಲಿ ಟೀಚರ್. “ಚಂದ ಅದಾವ್ರಿ,” ಎಂದೆ. ಹೊಟ್ಟೆಕಿಚ್ಚು ಆಗಲೂ ಆರಿರಲಿಲ್ಲ. ಮರುವರ್ಷ ಅವರಿಗೆ ರಾಣೆಬೆನ್ನೂರಿಗೆ ವರ್ಗವಾಯಿತು. ದೂರದ ಊರೇನಲ್ಲ. ನಿಜ ಹೇಳಿಬಿಡೋಣವೆಂದು ಎರಡು ಸಲ ಬಸ್ ಸ್ಟ್ಯಾಂಡಿನವರೆಗೆ ಹೋಗಿ ತಿರುಗಿ ಬಂದೆ. ಅವರು ಜಡ್ಡಾಗಿ ಹಾಸಿಗೆ ಹಿಡಿದ ಸುದ್ದಿ ತಿಳಿದ ಮೇಲೂ ಹೋಗಲಿಲ್ಲ...

ಅವರ ತಮ್ಮ ಹೋದ ಮೇಲೆ ಆ ಮಾಸ್ಕನ್ನು ಮೊದಲ ಸಲ ಮುಖಕ್ಕೆ ಹಾಕಿಕೊಂಡೆ. ಅದು ಕಣ್ಣನ್ನಷ್ಟೇ ಅಲ್ಲ, ಮೂಗನ್ನೂ ಮುಚ್ಚುತ್ತದೆ. ಮುಖಕ್ಕೆ ತಾಗುವ ಮೊದಲೇ ಖಾರದ ವಾಸನೆ ಮೂಗಿಗೆ ಬಡಿಯಿತು. ಅಂದರೆ ಟೀಚರಿಗೆ ನೀರಿಗಿಳಿಯುವ ಮೊದಲೇ ಗೊತ್ತಾಗಿತ್ತು. ಮೆಟ್ಟಿಲಲ್ಲಿ ನಿಂತು ನೋಡಿದ್ದು, ನಾನು ಹೇಳಲಿ ಎಂದು ಕಾದದ್ದು. ಇಷ್ಟು ವರ್ಷ ಆ ಚೀಲವನ್ನು ಒಗೆಯದೆ ಇಟ್ಟುಕೊಂಡದ್ದೂ ಅದಕ್ಕೇ ಇರಬೇಕು.

“ನನಗ ಗೊತ್ತಿತ್ರಿ, ಟೀಚರ್,” ಎಂದೆ. ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ನನ್ನ ಉಸಿರಿಗೆ ಗಾಜು ಮಬ್ಬಾಯಿತು.